ಕೂರ್ಮಸೇವೆ

ಮಂದರಪರ್ವತವನ್ನು ಬೆನ್ನ ಮೇಲೆ ಹೊತ್ತು ಸಮುದ್ರಮಥನವನ್ನು ಸಾಗಿಸಿದ ಮಹಾಕೂರ್ಮನ ವಂಶಸ್ಥರಿಬ್ಬರು, ಹಳೆಯ ಎಂಟಾಣೆಯ ಬಿಲ್ಲೆಗಿಂತ ತುಸುವೇ ದೊಡ್ಡವರಾಗಿ, ಕಣ್ಣಿನ ಹಿಂದೆ ಕುಂಕುಮದ ಗೀಟೆಳೆದುಕೊಂಡು, ಪ್ಲಾಸ್ಟಿಕ್ ಡಬ್ಬಿಯಲ್ಲಿ ನಮ್ಮ ಮನೆಗೆ ದಯಮಾಡಿಸಿದ ದಿನ, ಅವರ ಸೇವೆಗೆ ನಾನೇ ನಿಯುಕ್ತನಾಗುವೆನೆಂದು ತಿಳಿದಿರಲಿಲ್ಲ. “ಇವು ಏನೂ ಕೇಳೋದಿಲ್ಲ ತಾತ, ನೀರಿದ್ದರೆ ಸಾಕು” ಎಂದು ಅಭಯವಿತ್ತ ಮೊಮ್ಮಗನು ಮೂರನೆಯ ದಿನವೇ ಕ್ರಿಕೆಟ್ಟಿಗೆ ಹೊರಟುಹೋದನು.

ಕೇಳುವುದೇನು ಕಡಮೆಯೇ! ಮಿಸಿಸಿಪ್ಪಿ ನದೀಪ್ರಾಂತದಿಂದ ಬಂದ, ರೆಡ್-ಇಯರ್ಡ್ ಸ್ಲೈಡರ್ ಎಂಬ ಈ ಕುಲಕ್ಕೆ ಈಜುವಷ್ಟು ನೀರೂ, ಬೇಸತ್ತಾಗ ಮೈಯೊಣಗಿಸಿಕೊಳ್ಳಲು ನೀರಿನಿಂದ ಮೇಲೆದ್ದ ಕಲ್ಲೂ, ಆ ಕಲ್ಲಿನ ಮೇಲೆ ಗಾಜಿನ ಅಡ್ಡಿಯಿಲ್ಲದ ಎಳೆಬಿಸಿಲೂ ಬೇಕು. ಬಿಸಿಲೂ ಸುಣ್ಣದಂಶವೂ ಸಾಲದಾದರೆ ಚಿಪ್ಪು ಮೆತ್ತಗಾಗುತ್ತದೆ. ಆದಕಾರಣ ನಿತ್ಯವೂ ಪ್ರಾತಃಕಾಲದಲ್ಲಿ, ಕಾಫಿಯನ್ನೂ ಮರೆತು, ತೊಟ್ಟಿಯನ್ನೆತ್ತಿಕೊಂಡು ಬಿಸಿಲನ್ನರಸುತ್ತ, ಕಾಗೆಗಳ ಕಣ್ಣಿಗೆ ಬೀಳದಂತೆ ಕಾವಲು ನಿಲ್ಲುವ ನನ್ನನ್ನು ಕಂಡು ನೆರೆಯವರು ಸೂರ್ಯೋಪಾಸಕನೆಂದು ಭ್ರಮಿಸಿ ಕೈಮುಗಿಯತೊಡಗಿದ್ದಾರೆ. ಉಂಡ ನೀರಿನಲ್ಲಿಯೇ ವಿಸರ್ಜನೆಯನ್ನೂ ಮುಗಿಸುವ ಇವುಗಳ ಆಚಾರವನ್ನು ನನ್ನ ಮನೆಯಾಕೆ ಇನ್ನೂ ಕ್ಷಮಿಸಿಲ್ಲ. ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ದೆಸೆಯಿಂದ ಅಮೆರಿಕದವರು 4 ಅಂಗುಲಕ್ಕಿಂತ ಕಿರಿಯ ಆಮೆಗಳ ಮಾರಾಟವನ್ನು 1975ರಲ್ಲಿಯೇ ನಿಷೇಧಿಸಿದರೆಂದು ಕೇಳಿದಮೇಲಂತೂ, ಸೋಪಿನಿಂದ ಕೈತೊಳೆಯದೆ ನಾನು ಅಡಿಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಆಕೆಯ ಮಡಿಗೆ ವಿಜ್ಞಾನದ ಬೆಂಬಲ ದೊರೆತದ್ದು ಇದೇ ಮೊದಲು.

ಚೆನ್ನಾಗಿ ಸಾಕಿದರೆ ಇವು 30 ವರ್ಷ ಬಾಳಬಲ್ಲವೆಂದೂ, ಊಟದ ತಟ್ಟೆಯಷ್ಟು ಬೆಳೆಯಬಲ್ಲವೆಂದೂ, ಬೇಸತ್ತು ಕೆರೆಗೆ ಬಿಟ್ಟರೆ ನಮ್ಮ ನಾಡಿನ ಆಮೆಗಳ ಅನ್ನಕ್ಕೇ ಕಲ್ಲು ಹಾಕುವವೆಂದೂ ಈಗ ತಿಳಿದಿದೆ. ನನಗೋ 71. ಉಯಿಲಿನಲ್ಲಿ ತೊಟ್ಟಿಯನ್ನು ಯಾರ ಹೆಸರಿಗೆ ಬರೆಯಲೆಂದು ವಕೀಲರನ್ನು ಕೇಳಿದೆ. ಅವರು ನಗಲಿಲ್ಲ, ಅವರ ಮನೆಯಲ್ಲಿಯೂ ಎರಡಿವೆ.