ಮೊದಲ ಭಾಗ ಹೊರಗೆ ಹೋಗಿದೆ

ಸರಣಿ ಪುಸ್ತಕ ಓದುವವರಲ್ಲಿ ಎರಡು ಪಂಗಡ. ಮೊದಲ ಭಾಗ ಕೈಗೆ ಸಿಗುವವರೆಗೂ ಎರಡನೆಯದನ್ನು ಮುಟ್ಟದವರದು ಒಂದು. ಮಡಿ ಉಟ್ಟವರ ಹಾಗೆ ಅದರಿಂದ ಮಾರು ದೂರ ನಿಲ್ಲುತ್ತಾರೆ. ಐದನೆಯ ಭಾಗ ಮುಗಿಸಿ, ‘ಇದಕ್ಕೆ ಹಿಂದೆಯೂ ಏನೋ ಇದೆಯಂತಲ್ಲ’ ಎಂದು ವಿಚಾರಿಸುವವರದು ಇನ್ನೊಂದು. ಎರಡೂ ಪಂಗಡದವರು ಒಂದೇ ಮನೆಯಲ್ಲಿ, ಅದರಲ್ಲೂ ಗಂಡ ಹೆಂಡತಿಯಾಗಿ ಇದ್ದುಬಿಟ್ಟರೆ, ಸಾರು ಬಡಿಸುವ ಹೊತ್ತಿಗೆ ಕೊಲೆಗಾರನ ಹೆಸರು ಬಾಯಿತಪ್ಪಿ ಬರುವುದು ಇದ್ದದ್ದೇ.

ಪುಸ್ತಕವನ್ನು ದಿನದ ಬಾಡಿಗೆಗೆ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಕಾಲದಲ್ಲಿ ಮೊದಲ ಪಂಗಡಕ್ಕೆ ಉಳಿಗಾಲವಿರಲಿಲ್ಲ. ತ.ರಾ.ಸು. ಅವರ ‘ಕಂಬನಿಯ ಕುಯಿಲು’ ಕೇಳಿದರೆ ‘ಅದು ಹೊರಗೆ ಹೋಗಿದೆ, ರಕ್ತರಾತ್ರಿ ಇದೆ, ಕೊಡ್ಲಾ?’ ಎನ್ನುವ ಉತ್ತರ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಒಂದೇ ಕಥೆಯ ಮೂರು ಕಂತು. ನಡುವಿನದರಿಂದ ಶುರು ಮಾಡಿದವರಿಗೆ ದುರ್ಗದಲ್ಲಿ ಯಾರು ಯಾರ ಮೇಲೆ ಯಾಕೆ ಹಲ್ಲು ಮಸೆಯುತ್ತಿದ್ದಾರೆ ಎಂಬುದು ಒಂದಷ್ಟು ಪುಟ ಹೊಳೆಯುತ್ತಿರಲಿಲ್ಲ. ಹಾಗೆಂದು ಪುಸ್ತಕ ಕೆಳಗಿಟ್ಟವರೂ ಕಡಿಮೆ. ಮರುದಿನಕ್ಕೆ ಮತ್ತೆ ಬಾಡಿಗೆ ಬೀಳುತ್ತದಲ್ಲ!

ಇನ್ನು ಅದೇ ಚಿತ್ರದುರ್ಗದ ಸಾಲಿನ ‘ದುರ್ಗಾಸ್ತಮಾನ’ ಬಂದದ್ದು 1982ರಲ್ಲಿ. 1779ರಲ್ಲಿ ಹೈದರಾಲಿಗೆ ಕೋಟೆ ಸೋತದ್ದು ಶಾಲೆಯ ಪಾಠದಲ್ಲೇ ಇತ್ತು. ಅದು ಸಾಲದೆಂಬಂತೆ ಕಾದಂಬರಿಕಾರರೇ ಕೊನೆಯನ್ನು ಪುಸ್ತಕದ ಹೆಸರಿನಲ್ಲೇ ಹೇಳಿಬಿಟ್ಟರು. ಕೊನೆ ಗೊತ್ತಾದರೆ ಓದುವ ಸುಖ ಹೋಯಿತು ಎನ್ನುವವರು ಈ ಕಾದಂಬರಿಯ ಮುಂದೆ ಸ್ವಲ್ಪ ಸಂಕೋಚದಿಂದ ನಿಲ್ಲಬೇಕು.

ಭಾಗ ಹುಡುಕುವ ಕಷ್ಟವೇ ಬೇಡವೆಂದು ಪುಟ್ಟಣ್ಣ ಕಣಗಾಲ್ 1972ರಲ್ಲಿ ಇನ್ನೊಂದು ದಾರಿ ತೋರಿಸಿದರು. ತ.ರಾ.ಸು. ಅವರದೇ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಮೂರನ್ನೂ ಸೇರಿಸಿ ಒಂದೇ ಸಿನಿಮಾ ಮಾಡಿದರು. ಒಂದು ಟಿಕೆಟಿಗೆ ಮೂರು ಕಾದಂಬರಿ.

ಕರಾವಳಿಯವರಿಗಂತೂ ಈ ಚರ್ಚೆಯೇ ವಿಚಿತ್ರ. ಯಕ್ಷಗಾನದ ಮೇಳ ಇವತ್ತು ಒಂದು ಊರಲ್ಲಿ ‘ಅಭಿಮನ್ಯು ಕಾಳಗ’ ಆಡಿ, ನಾಳೆ ಪಕ್ಕದ ಊರಲ್ಲಿ ‘ಸುಭದ್ರಾ ಕಲ್ಯಾಣ’ ಆಡಬಹುದು. ಮಗ ಚಕ್ರವ್ಯೂಹದಲ್ಲಿ ಸತ್ತ ಮಾರನೆಯ ರಾತ್ರಿ ತಾಯಿಯ ಮದುವೆ! ಎರಡೂ ಆಟಕ್ಕೆ ಹೋದವರು ತಕರಾರು ತೆಗೆದರೂ ಅದು ಭಾಗವತರ ಗಂಟಲಿನ ಬಗ್ಗೆಯೇ ಹೊರತು ಕಾಲಾನುಕ್ರಮದ ಬಗ್ಗೆ ಅಲ್ಲ.

ಇಂಗ್ಲಿಷ್ ಪುಸ್ತಕಗಳ ಲೋಕದಲ್ಲಿ ಇದು ಇಷ್ಟು ಸಲೀಸಲ್ಲ. ಸಿ.ಎಸ್. ಲೂಯಿಸ್ ಅವರ ನಾರ್ನಿಯಾ ಸರಣಿಯ ಏಳು ಪುಸ್ತಕಗಳಲ್ಲಿ ಮೊದಲು, 1950ರಲ್ಲಿ, ಬಂದದ್ದು ‘ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್’. ನಾರ್ನಿಯಾ ಹುಟ್ಟಿದ ಕಥೆ ಹೇಳುವ ‘ದಿ ಮೆಜಿಶಿಯನ್ಸ್ ನೆಫ್ಯೂ’ ಬಂದದ್ದು 1955ರಲ್ಲಿ, ಆರನೆಯದಾಗಿ. ಯಾವುದನ್ನು ಮೊದಲು ಓದಬೇಕೆಂದು ಅಮೆರಿಕದ ಒಬ್ಬ ಹುಡುಗನಿಗೂ ಅವನ ತಾಯಿಗೂ ವಾದ ಬಿತ್ತು. ಹುಡುಗ ಲೇಖಕರಿಗೇ ಬರೆದ. 1957ರಲ್ಲಿ ಲೂಯಿಸ್ ಉತ್ತರ ಕೊಟ್ಟರು: ಕಥೆಯ ಕಾಲಕ್ಕೆ ತಕ್ಕಂತೆ ಓದಬೇಕೆನ್ನುವ ಹುಡುಗನ ಕಡೆಗೇ ತಮ್ಮ ಒಲವು, ಆದರೂ ಯಾವ ಕ್ರಮದಲ್ಲಿ ಓದಿದರೂ ಬಹುಶಃ ದೊಡ್ಡ ವ್ಯತ್ಯಾಸವಿಲ್ಲ. ಮಗುವಿನ ಮನಸ್ಸು ನೋಯಿಸದ ಜಾಣ ಪತ್ರ. ಮುಂದೆ ಅದರ ಮೊದಲರ್ಧವನ್ನೇ ಆಧಾರವಾಗಿ ಹಿಡಿದವರು ಹೆಚ್ಚು. 1994ರಲ್ಲಿ ಹಾರ್ಪರ್‌ಕಾಲಿನ್ಸ್ ಆರನೆಯದಕ್ಕೆ ಒಂದನೆಯ ನಂಬರು ಕೊಟ್ಟು ಅಚ್ಚು ಹಾಕಿತು. ಜಗಳ ಇನ್ನೂ ಆರಿಲ್ಲ.

ಇಲ್ಲಿ ತಾಯಿಯದೇ ಸರಿ. ಲೂಸಿ ಎಂಬ ಹುಡುಗಿ ಬಟ್ಟೆಯ ಬೀರುವಿನೊಳಗೆ ನುಗ್ಗಿ, ತೂಗುಹಾಕಿದ ಕೋಟುಗಳನ್ನು ಸರಿಸಿಕೊಂಡು ಹಿಮದ ಕಾಡಿಗೆ ಬರುತ್ತಾಳೆ. ಕಾಡಿನ ನಡುವೆ ಒಂದು ಬೀದಿದೀಪದ ಕಂಬ ಉರಿಯುತ್ತಾ ನಿಂತಿದೆ. ಅದನ್ನು ಯಾರು ನೆಟ್ಟರು, ಎಣ್ಣೆ ಯಾರು ಹಾಕುತ್ತಾರೆ, ಒಂದೂ ತಿಳಿಯದು. ಅವಳಷ್ಟೇ ಬೆಪ್ಪಾಗಿ ಓದುಗರೂ ನಿಲ್ಲುತ್ತಾರೆ. ‘ನೆಫ್ಯೂ’ವನ್ನು ಮೊದಲು ಓದಿದವರಿಗೆ ಆ ಕಂಬದ ಜಾತಕವೇ ಗೊತ್ತಿರುತ್ತದೆ. ಅವರು ‘ಓ, ಇದಾ’ ಎಂದು ಪುಟ ತಿರುಗಿಸುತ್ತಾರೆ.

ಕ್ರಮವಾಗಿ ಓದುವವರಿಗೆ ಬೇರೆ ಸಂಕಟಗಳೂ ಉಂಟು. 1887ರ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ನಲ್ಲಿ ಪತ್ತೇದಾರ ಹೋಮ್ಸ್‌ನ ಜೊತೆಗಾರ ಡಾಕ್ಟರ್ ವಾಟ್ಸನ್‌ಗೆ ಅಫ್ಘಾನ್ ಯುದ್ಧದಲ್ಲಿ ಗುಂಡು ತಗಲಿದ್ದು ಹೆಗಲಿಗೆ. 1890ರ ‘ದಿ ಸೈನ್ ಆಫ್ ಫೋರ್’ ಹೊತ್ತಿಗೆ ಗಾಯ ಕಾಲಿಗೆ ಇಳಿದಿದೆ. ಒಂದರ ಹಿಂದೆ ಒಂದು ಓದುವ ಶ್ರದ್ಧಾವಂತರು ಇಲ್ಲಿ ಎಡವುತ್ತಾರೆ, ಸಿಕ್ಕಿದ್ದು ಓದುವವರು ಗಮನಿಸುವುದೂ ಇಲ್ಲ. 1893ರಲ್ಲಿ ಹೋಮ್ಸ್‌ನನ್ನು ಜಲಪಾತಕ್ಕೆ ತಳ್ಳಿದ ಕಾನನ್ ಡಾಯ್ಲ್, 1901ರಲ್ಲಿ ‘ಬಾಸ್ಕರ್‌ವಿಲ್ಸ್’ ನಾಯಿಯ ಹಿಂದೆ ಅವನನ್ನು ಮತ್ತೆ ಅಟ್ಟಿದರು. ಅದು ಸಾಯುವ ಮುಂಚಿನ ಸಂಗತಿ ಎಂದು ಸಮಜಾಯಿಷಿ. ಅವನು ಬದುಕೇ ಇದ್ದಾನೆಂದು ಒಪ್ಪಿಕೊಂಡದ್ದು 1903ರಲ್ಲಿ.

ಅಚ್ಚಾದ ಕ್ರಮ ಬೇಡ, ಕಥೆಯ ಕ್ರಮವೂ ಬೇಡ, ಲೇಖಕರು ಬರೆದ ಕ್ರಮವೇ ಶುದ್ಧ ಎನ್ನುವ ಕಟ್ಟಾಳುಗಳೂ ಇದ್ದಾರೆ. ಅವರಿಗೆ ಅಗಾಥಾ ಕ್ರಿಸ್ಟಿ ತಕ್ಕ ಶಾಸ್ತಿ ಮಾಡಿದ್ದಾರೆ. ಪತ್ತೇದಾರ ಹರ್ಕ್ಯೂಲ್ ಪೊಯಿರೊ ಸಾಯುವ ‘ಕರ್ಟನ್’ ಅನ್ನು ಅವರು ಎರಡನೆಯ ಮಹಾಯುದ್ಧದ ಕಾಲದಲ್ಲೇ ಬರೆದು ಬೀಗ ಹಾಕಿಟ್ಟರು. ಹೊರಗೆ ಬಂದದ್ದು 1975ರಲ್ಲಿ. ಆಗಸ್ಟ್ 6ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಹುಟ್ಟಿಯೇ ಇರದ ಈ ಮನುಷ್ಯನ ಮರಣವಾರ್ತೆಯನ್ನು ಮುಖಪುಟದಲ್ಲಿ ಹಾಕಿತು. ನಡುವಿನ ಅಷ್ಟೂ ವರ್ಷ ಪೊಯಿರೊ ಮೀಸೆ ತೀಡಿಕೊಂಡು ಹೊಸ ಹೊಸ ಕಾದಂಬರಿಗಳಲ್ಲಿ ಓಡಾಡಿಕೊಂಡಿದ್ದ. ಬರೆದ ಕ್ರಮದಲ್ಲೇ ಓದುತ್ತೇವೆ ಎನ್ನುವವರು ಮೊದಲು ಅವನ ತಿಥಿ ಮುಗಿಸಿ, ಆಮೇಲೆ ಮೂವತ್ತು ವರ್ಷದ ಕೊಲೆಗಳನ್ನು ಸತ್ತವನ ಕೈಯಲ್ಲಿ ಪತ್ತೆ ಮಾಡಿಸಬೇಕು.