ಸ್ಕೌಟಿಗೆ ಸೇರಿಸೋ ಮುಂಚೆ, ಮಂಜುಳಾ...

ಬಟ್ಟೆ ಒಣಗಹಾಕಿ ಆಯ್ತಾ ಮಂಜುಳಾ? ಸ್ವಲ್ಪ ಈ ಕಡೆ ಬಾ. ಪುಟ್ಟನ ಶಾಲೆಯಿಂದ ಸ್ಕೌಟ್ ಫಾರಂ ಬಂದಿದೆ ಅಂದೆಯಲ್ಲ, ಸಹಿ ಹಾಕೋ ಮುಂಚೆ ಒಂದಷ್ಟು ಮಾತು ಹೇಳ್ಬೇಕು ಅಂತ ಬೆಳಿಗ್ಗೆಯಿಂದ ಕಾಯ್ತಿದ್ದೆ. ನಾನು ಹೆಣ್ಣುಮಕ್ಕಳ ದಳಕ್ಕೆ ಗೈಡ್ ಕ್ಯಾಪ್ಟನ್ ಆಗಿದ್ದವಳು, ಸೇರಿಸಬೇಡ ಅನ್ನೋ ಮಾತು ನನ್ನ ಬಾಯಲ್ಲಿ ಬರೋದಿಲ್ಲ. ಸೇರಿಸು. ಆದ್ರೆ ವಿಚಾರಿಸಿ ಸೇರಿಸು.

ಸರ್ಟಿಫಿಕೇಟಿಗೆ ಬೆಲೆ ಇದೆಯಂತಲ್ಲ ಅಕ್ಕ ಅಂತ ಕೇಳಿದೆ ನೀನು. ಇದೆ. ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಅಂಡ್ ಗೈಡ್ಸ್ ಕೋಟಾ ಇದೆ, ಸಿಇಟಿಯಲ್ಲೂ ವಿಶೇಷ ವರ್ಗ ಇದೆ. ಆದ್ರೆ ಅದೆಲ್ಲ ದೂರದ ಮಾತು. ಮೊದಲು ಪ್ರವೇಶ, ಆಮೇಲೆ ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಅದಾದ ಮೇಲೆ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ. ಒಂದೊಂದು ಮೆಟ್ಟಿಲಿಗೂ ತಿಂಗಳುಗಟ್ಟಲೆ ಬೇಕು, ಮಧ್ಯದ ಮೆಟ್ಟಿಲು ಹಾರಿ ಹೋಗೋ ಹಾಗಿಲ್ಲ. ಎಷ್ಟೋ ಅಪ್ಪ ಅಮ್ಮಂದಿರು ಮಗು ರಾಜ್ಯ ಪುರಸ್ಕಾರದ ಹತ್ತಿರ ಬಂದಾಗ, ಈ ವರ್ಷ ಎಸ್ಸೆಸ್ಸೆಲ್ಸಿ ಅಂತ ಬಿಡಿಸಿಬಿಡ್ತಾರೆ. ನನಗೆ ಬಹಳ ಸಂಕಟ ಆಗ್ತಿತ್ತು. ಅದಕ್ಕೇ ಹೇಳ್ತೀನಿ, ಪುಟ್ಟನಿಗೆ ಈಗ 10 ತುಂಬಿದೆ, ಸ್ಕೌಟ್ ಆಗೋಕೆ ಸರಿಯಾದ ವಯಸ್ಸು, ಈಗಲೇ ಶುರುಮಾಡಿದ್ರೆ ಹತ್ತನೇ ಕ್ಲಾಸಿನ ಗಡಿಬಿಡಿ ಇರೋದಿಲ್ಲ. ಅವನ ತಂಗಿಗೆ ಆರು ಅಲ್ವಾ? ಅವಳನ್ನ ಬುಲ್‌ಬುಲ್‌ಗೆ ಹಾಕಬಹುದು. ಅದೇ ವಯಸ್ಸಿನ ಗಂಡುಮಕ್ಕಳಿಗೆ ಕಬ್ ಅಂತ ಇದೆ.

ನಿಮ್ಮತ್ತೆ ಇದನ್ನ ಮಿಲಿಟರಿ ಅಂದ್ಕೊಂಡಿದ್ದಾರೆ ಅಂದೆಯಲ್ಲ, ಅವರಿಗೆ ಸಮಾಧಾನ ಹೇಳು. ಬಂದೂಕು ಹಿಡಿಸೋದು ಎನ್‌ಸಿಸಿಯಲ್ಲಿ. ಇಲ್ಲಿ ಹಿಡಿಸೋದು ಹಗ್ಗ. ಇದನ್ನ ಶುರುಮಾಡಿದ ಬೇಡನ್ ಪವೆಲ್ ಸೇನೆಯವರೇ ಹೌದು, ಆದ್ರೆ 1907ರಲ್ಲಿ ಬ್ರೌನ್‌ಸೀ ದ್ವೀಪಕ್ಕೆ ಹುಡುಗರನ್ನ ಕರ್ಕೊಂಡು ಹೋಗಿದ್ದು ಯುದ್ಧ ಕಲಿಸೋಕಲ್ಲ. ಅದಾಗಿ ಎರಡೇ ವರ್ಷಕ್ಕೆ, 1909ರಲ್ಲಿ, ನಮ್ಮ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗೆ ಸ್ಕೌಟ್ ಬಂತು. ಆಗ ನಮ್ಮ ದೇಶದ ಮಕ್ಕಳಿಗೆ ಅದರೊಳಗೆ ಜಾಗ ಇರಲಿಲ್ಲ. ಆನಿ ಬೆಸೆಂಟರಂಥವರು ಹಟ ಹಿಡಿದಿದ್ದಕ್ಕೆ ಬಾಗಿಲು ತೆರೀತು. ಬೇರೆಬೇರೆಯಾಗಿದ್ದ ಸ್ಕೌಟ್ ಸಂಸ್ಥೆಗಳು 1950ರ ನವೆಂಬರ್ 7ಕ್ಕೆ ಒಂದಾದವು, ಮರುವರ್ಷ ಗೈಡ್ಸೂ ಸೇರ್ಕೊಂಡ್ರು. ಇದು ಪುಕ್ಕಟೆ ಬಂದದ್ದಲ್ಲ ಅಂತ ಮಕ್ಕಳಿಗೆ ಗೊತ್ತಿರಲಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಫೀಸು, ಯೂನಿಫಾರಂ ಎಷ್ಟು ಅಂತ ಆಮೇಲೆ ಕೇಳು. ದಳ ನಡೆಸೋರು ಯಾರು ಅಂತ ಮೊದಲು ಕೇಳು. ಎಷ್ಟೋ ಶಾಲೆಗಳಲ್ಲಿ ದಳ ಕಾಗದದ ಮೇಲೆ ಮಾತ್ರ ಇರುತ್ತೆ. ಆಗಸ್ಟ್ 15, ಜನವರಿ 26ಕ್ಕೆ ಮಕ್ಕಳಿಗೆ ಸ್ಕಾರ್ಫ್ ಹಾಕಿಸಿ ನಿಲ್ಲಿಸ್ತಾರೆ, ಅಲ್ಲಿಗೆ ಮುಗೀತು. ವಾರಕ್ಕೊಮ್ಮೆ ಮಕ್ಕಳು ಸೇರ್ತಾರಾ? ಸ್ಕೌಟ್ ಮಾಸ್ಟರ್ ಬೇಸಿಕ್ ಕೋರ್ಸ್ ಮಾಡಿದ್ದಾರಾ, ಅಡ್ವಾನ್ಸ್ ಆಗಿದೆಯಾ? ಹೋದ ವರ್ಷ ಎಷ್ಟು ಮಕ್ಕಳು ಸೋಪಾನ ಪರೀಕ್ಷೆ ಬರೆದ್ರು? ಇದನ್ನ ಕೇಳೋದಕ್ಕೆ ನಾಚಿಕೆ ಬೇಡ. ನಿಜವಾಗಿ ನಡೆಸೋ ಮೇಷ್ಟ್ರಿಗೆ ಈ ಪ್ರಶ್ನೆ ಕೇಳಿದ್ರೆ ಖುಷಿಯಾಗುತ್ತೆ. ಆ ಶಾಲೇಲಿ ಸರಿಯಿಲ್ಲ ಅನ್ನಿಸಿದ್ರೆ ಹೊರಗೆ ಓಪನ್ ಗ್ರೂಪ್‌ಗಳೂ ಇರ್ತವೆ, ಜಿಲ್ಲಾ ಸಂಸ್ಥೆಯ ಕಚೇರೀಲಿ ವಿಚಾರಿಸು.

ಇನ್ನೊಂದು ಮಾತು, ಹೇಳೋಕೆ ಕಷ್ಟ ಆದ್ರೂ ಹೇಳ್ತೀನಿ. ಅಮೆರಿಕದಲ್ಲಿ ಸ್ಕೌಟ್ ನಾಯಕರಿಂದ ದೌರ್ಜನ್ಯ ಆಯ್ತು ಅಂತ ಕೇಸು ಮೇಲೆ ಕೇಸು ಬಿದ್ವು. ಅಲ್ಲಿನ ಸ್ಕೌಟ್ ಸಂಸ್ಥೆ 2020ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯ್ತು, ಆಗ 82 ಸಾವಿರಕ್ಕೂ ಹೆಚ್ಚು ಜನ ದೂರು ಕೊಟ್ಟರು. ಎಷ್ಟೋ ವರ್ಷ ಯಾರೂ ಬಾಯಿಬಿಟ್ಟಿರಲಿಲ್ಲ, ಬಿಟ್ಟವರ ಮಾತನ್ನೂ ಮುಚ್ಚಿಹಾಕಿದ್ರು. ಇಲ್ಲೇನೂ ಆಗಲ್ಲ ಅಂತ ನಾವು ಕೂತ್ಕೊಳ್ಳೋ ಹಾಗಿಲ್ಲ. ಯಾವ ಕ್ಯಾಂಪಿಗಾದ್ರೂ ಇಬ್ಬರು ದೊಡ್ಡವರಾದ್ರೂ ಇರಲೇಬೇಕು. ಹೆಣ್ಣುಮಕ್ಕಳ ಜೊತೆ ಗೈಡ್ ಕ್ಯಾಪ್ಟನ್ ಹೋಗಲೇಬೇಕು, ಮೇಷ್ಟ್ರೊಬ್ಬರೇ ಕರ್ಕೊಂಡು ಹೋಗ್ತೀನಿ ಅಂದ್ರೆ ಕಳಿಸಬೇಡ. ಮಲಗೋ ಜಾಗ ಬೇರೆ ಇರಬೇಕು. ಕೆರೆ, ಹೊಳೆ ಹತ್ತಿರ ಇದ್ರೆ ನೀರಿಗಿಳಿಸೋ ವಿಷಯ ಮೊದಲೇ ಕೇಳು. ಪುಟ್ಟನಿಗೆ ಉಬ್ಬಸ ಇದೆ ಅಲ್ವಾ, ಮಾತ್ರೆ ಹೆಸರು, ಕೊಡೋ ಹೊತ್ತು ಚೀಟೀಲಿ ಬರೆದು ಮೇಷ್ಟ್ರ ಕೈಗೇ ಕೊಡು. ಯಾರಾದ್ರೂ, ಮನೇಲಿ ಹೇಳಬೇಡ ಅಂದ್ರೆ ಅದನ್ನೇ ಮೊದಲು ಬಂದು ಅಮ್ಮನಿಗೆ ಹೇಳಬೇಕು ಅಂತ ಮಗುಗೆ ಕಲಿಸಿ ಕಳಿಸು.

ಇಷ್ಟು ನೋಡ್ಕೊಂಡ ಮೇಲೆ ನೀನು ಕೈ ಹಿಂದೆ ತಗೋಬೇಕು. ಅದು ಇನ್ನೂ ಕಷ್ಟ. ಒಂದು ಕ್ಯಾಂಪಲ್ಲಿ ನನ್ನ ಹುಡುಗಿಯರು ಮೂರು ಕಲ್ಲಿಟ್ಟು ಒಲೆ ಹೂಡಿದ್ರು. ಸೌದೆ ಹಸಿ, ಊದಿ ಊದಿ ಕಣ್ಣೆಲ್ಲ ಕೆಂಪು, ಅಂತೂ ಉಪ್ಪಿಟ್ಟು ಆಯ್ತು. ತಳ ಹಿಡಿದಿತ್ತು, ಉಪ್ಪು ಕಮ್ಮಿ. ಗುಂಪಿನ ನಾಯಕಿ ಎಲ್ಲರಿಗೂ ಸಮ ಹಂಚ್ತಾ ಇದ್ದಳು. ಅಷ್ಟರಲ್ಲಿ ಒಂದು ಮಗುವಿನ ಅಪ್ಪ ಅಮ್ಮ ಕಾರಲ್ಲಿ ಬಂದು ಚಪಾತಿ, ಪಲ್ಯದ ಕ್ಯಾರಿಯರ್ ಇಳಿಸಿದ್ರು. ಆ ನಾಯಕಿ ಕೈಯಲ್ಲಿದ್ದ ಸೌಟನ್ನ ಹಾಗೇ ಪಾತ್ರೇಲಿ ಬಿಟ್ಟಳು. ಅವಳ ಮುಖ ನನಗೆ ಇವತ್ತಿಗೂ ಮರೆತಿಲ್ಲ. ತಂದವರದ್ದು ಪ್ರೀತಿಯೇ, ಇಲ್ಲ ಅನ್ನಲ್ಲ. ಆದ್ರೆ ಆ ಹೊತ್ತು ಆ ಮಕ್ಕಳಿಂದ ಏನೋ ಒಂದನ್ನ ಕಿತ್ಕೊಂಡ ಹಾಗಾಯ್ತು.

ಖರೀ ಕಮಾಯಿ ಅಂತ ಮಾಡಿಸ್ತಾರೆ, ಮಕ್ಕಳು ಮೈಮುರಿದು ಕೆಲಸ ಮಾಡಿ ಒಂದಷ್ಟು ದುಡ್ಡು ಸಂಪಾದಿಸಬೇಕು. ಪುಟ್ಟ ಬಂದು ಕೇಳಿದಾಗ ಪರ್ಸಿಂದ ತೆಗೆದು ಕೊಟ್ಟುಬಿಡಬೇಡ. ನನ್ನ ಹತ್ತಿರ ಕಳಿಸು, ಈ ಪಾತಿಯ ಕಳೆ ಕೀಳಿಸಿ ದುಡ್ಡು ಕೊಡ್ತೀನಿ. ಗಂಟು ಹಾಕೋದೂ ಅಷ್ಟೇ. ರೀಫ್ ಗಂಟಿಗೆ ಬಲದ ತುದಿ ಎಡದ ಮೇಲೆ, ಆಮೇಲೆ ಎಡದ ತುದಿ ಬಲದ ಮೇಲೆ. ಎರಡು ಸಲವೂ ಒಂದೇ ಕಡೆ ಹಾಕಿದ್ರೆ ಜಾರುತ್ತೆ. ಸರಿಯಾಗಿ ಬಿದ್ರೆ ಚಪ್ಪಟೆಯಾಗಿ ಕೂರುತ್ತೆ, ಅದಕ್ಕೇ ಬ್ಯಾಂಡೇಜಿಗೆ ಅದನ್ನೇ ಹಾಕೋದು. ಕೊರಳಿನ ಸ್ಕಾರ್ಫ್ ಬಿಚ್ಚಿದ್ರೆ ಮುರಿದ ಕೈಗೆ ಜೋಲಿ ಆಗುತ್ತೆ. ಇದನ್ನ ಅವನೇ ತಪ್ಪಿ ತಪ್ಪಿ ಕಲೀಬೇಕು, ನೀನು ಯೂಟ್ಯೂಬ್ ನೋಡಿ ಹಾಕಿಕೊಟ್ರೆ ಪ್ರಯೋಜನ ಇಲ್ಲ.

ಯೂನಿಫಾರಮ್ಮಿಗೆ ಹೊಸದೇ ಬೇಕು ಅಂತೇನಿಲ್ಲ, ಮೇಲಿನ ಕ್ಲಾಸಿನ ಮಕ್ಕಳದ್ದು ಚಿಕ್ಕದಾಗಿರುತ್ತೆ, ಕೇಳಿದ್ರೆ ಕೊಡ್ತಾರೆ. ಫಾರಂ ಸೋಮವಾರ ಕೊಡಬೇಕು ಅಲ್ವಾ? ಪುಟ್ಟನ ಬ್ಯಾಗಲ್ಲಿ ಹಾಕಿ ಕಳಿಸಬೇಡ. ನೀನೇ ತಗೊಂಡು ಹೋಗಿ ಆ ಸ್ಕೌಟ್ ಮಾಸ್ಟರ್ ಜೊತೆ ಕಾಲು ಗಂಟೆ ಕೂತು ಮಾತಾಡು, ಆಮೇಲೆ ಸಹಿ ಹಾಕು.