ಕೊಸರು ಮೀಮಾಂಸೆ

ಅಥಾತೋ ಕೊಸರುಜಿಜ್ಞಾಸಾ. ತೂಗಿಯಾದ ಬದನೆಕಾಯಿಯ ಮೇಲೆ ಇನ್ನೊಂದು ಮರಿಬದನೆ, ಸೊಪ್ಪಿನ ಕಟ್ಟಿಗೆ ಎರಡೆಳೆ ಕೊತ್ತಂಬರಿ: ಇದು ಕೊಸರು. ಮಾರುವವರ ಕೈಯಿಂದ ಕೊಳ್ಳುವವರ ಚೀಲಕ್ಕೆ ಹರಿಯುವುದು ಇದರ ಸ್ವಭಾವ. ಕೇಳದೆ ಬಂದದ್ದು ಉತ್ತಮ, ಕೇಳಿ ಪಡೆದದ್ದು ಮಧ್ಯಮ, ಅವರು ಅತ್ತ ತಿರುಗಿದಾಗ ನಾವೇ ಹಾಕಿಕೊಂಡದ್ದು ಅಧಮ. ನಮ್ಮ ಹೆಮ್ಮಿಗೆಯಲ್ಲಿ ಮೂರನೆಯ ಪಂಥದವರೇ ಹೆಚ್ಚೆಂಬುದು ಪೂರ್ವಪಕ್ಷ, ಅಂದರೆ ತರಕಾರಿಯವರ ವಾದ. ರಾಗಿ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದ ಹಿರಿಯರು ಸೇರನ್ನು ಗುಪ್ಪೆಯಾಗಿಯೇ ತುಂಬುತ್ತಿದ್ದರು.

ಪೊಟ್ಟಣಯುಗದಲ್ಲಿ ಈ ಹೊಳೆ ಹಿಂದಕ್ಕೆ ಹರಿಯಿತೆಂಬುದು ಪ್ರಸ್ತುತ ಸಿದ್ಧಾಂತ. ಪ್ರಮಾಣ: 2011ರ ಪೊಟ್ಟಣ ಸರಕುಗಳ ನಿಯಮಗಳ ಮೊದಲನೆಯ ಅನುಸೂಚಿ. 50 ಗ್ರಾಂವರೆಗೆ ನೂರಕ್ಕೆ 9ರಷ್ಟು, 50ರಿಂದ 100 ಗ್ರಾಂಗೆ 4.5 ಗ್ರಾಂ, ಅರ್ಧ ಕಿಲೋ ದಾಟಿ ಒಂದು ಕಿಲೋವರೆಗೆ 15 ಗ್ರಾಂ ‘ಗರಿಷ್ಠ ಅನುಮತ ದೋಷ’. ಐದು ರೂಪಾಯಿ ಹಿಡಿದು ಓಡುವ ಮಕ್ಕಳ ಪೊಟ್ಟಣಕ್ಕೇ ಶೇಕಡಾವಾರು ದೊಡ್ಡ ಮಾಫಿ! ಯಂತ್ರಕ್ಕೂ ಕೈ ನಡುಗುತ್ತದೆ, ಒಪ್ಪೋಣ. ಸದಾ ಒಂದೇ ಕಡೆಗೆ ನಡುಗುವುದು ಯಾವ ಕಾಯಿಲೆ?

ಪ್ರಯೋಗ ಮಾಡಲೇಬೇಕಾಯಿತು. ನೂರು ಗ್ರಾಂ ಎಂದು ಬರೆದುಕೊಂಡಿದ್ದ ಖಾರಾಬೂಂದಿಯನ್ನು ಅಂಗಡಿಯ ತಕ್ಕಡಿಗೆ ಸುರಿದೆ. 93.

“ಏನ್ ಮೇಷ್ಟ್ರೇ, ಬೂಂದೀನ ಚಿನ್ನ ತೂಗ್ದಂಗೆ ತೂಗ್ತಿದ್ದೀರಿ?”

“ತಕ್ಕಡಿಗೆ ಮುದ್ರೆ ಹಾಕ್ಸಿದ್ದೀಯೇನಪ್ಪ?”

ಅವನು ಮಾತಾಡದೆ ತಕ್ಕಡಿಯ ಸ್ವಿಚ್ಚು ಆರಿಸಿದ. ಉಪಕರಣದ ಮೇಲೆಯೇ ಆಕ್ಷೇಪ ಬಂದದ್ದರಿಂದ ಪ್ರಯೋಗ ಅಲ್ಲಿಗೇ ನಿಂತಿತು. ಸಾಕ್ಷ್ಯವನ್ನು ಇಬ್ಬರೂ ಹಂಚಿಕೊಂಡು ತಿಂದೆವು.

ದಂಡಶಾಸ್ತ್ರ ಬಡವಾಗಿಲ್ಲ. ಕೌಟಿಲ್ಯನಿಗೆ ಪೌತವಾಧ್ಯಕ್ಷನಿದ್ದ, ನಮಗೆ ಕಾನೂನು ಮಾಪನಶಾಸ್ತ್ರ ಇಲಾಖೆಯಿದೆ. 2009ರ ಕಾಯ್ದೆಯ 36ನೇ ಕಲಮು ಬರೆದಾಗ, ನಿವ್ವಳ ತೂಕದ ದೋಷಕ್ಕೆ ಮೊದಲ ಸಲ 10,000ದಿಂದ 50,000 ರೂಪಾಯಿ ದಂಡವೆಂದಿತ್ತು. ಆದರೆ ಕೇಳುವವರು ಬೇಕಲ್ಲ! ತಮಿಳುನಾಡಿನಲ್ಲೊಬ್ಬರು ಕೇಳಿದರು. ಹೊದಿಕೆಯ ಮೇಲೆ 16 ಬಿಸ್ಕತ್ತು, ಒಳಗೆ 15. ಕಂಪನಿ ‘ನಾವು ಮಾರುವುದು ಲೆಕ್ಕದಲ್ಲಲ್ಲ, ತೂಕದಲ್ಲಿ’ ಎಂದು ಸಾಂಖ್ಯದಿಂದ ವೈಶೇಷಿಕಕ್ಕೆ ಜಿಗಿಯಿತು. ತಿರುವಳ್ಳೂರು ಜಿಲ್ಲಾ ಗ್ರಾಹಕ ಆಯೋಗ ಒಪ್ಪದೆ, 2023ರಲ್ಲಿ ಆ ಒಂದು ಬಿಸ್ಕತ್ತಿಗೆ 1 ಲಕ್ಷ ರೂಪಾಯಿ ಕಟ್ಟಿಸಿತು. ಅಷ್ಟು ಬೆಲೆಯ ಬಿಸ್ಕತ್ತನ್ನು ಯಾರೂ ತಿಂದಿಲ್ಲ. ಅದು ಇರಲೇ ಇಲ್ಲ.

ಇನ್ನು ಸರಾಸರಿ ಎಂಬ ಪರತತ್ತ್ವ. ಒಂದು ಪೊಟ್ಟಣ ಕಡಿಮೆಯಿದ್ದರೂ ಮಾದರಿಗೆ ತೆಗೆದ ಅಷ್ಟೂ ಪೊಟ್ಟಣಗಳ ಸರಾಸರಿ ಬರೆದ ತೂಕಕ್ಕಿಂತ ಕೆಳಗಿಳಿಯಕೂಡದು ಎನ್ನುತ್ತದೆ ನಿಯಮ. ಅಂದಮೇಲೆ ನನ್ನ ಏಳು ಗ್ರಾಂ ಬೂಂದಿ ಮೂಗೂರಿನಲ್ಲೋ ನಂಜನಗೂಡಿನಲ್ಲೋ ಯಾರದೋ ಪೊಟ್ಟಣದಲ್ಲಿ ಹೆಚ್ಚಾಗಿ ಕೂತಿರಲೇಬೇಕು. ಆ ಪುಣ್ಯವಂತರನ್ನು ಹದಿನೈದು ದಿನದಿಂದ ಹುಡುಕುತ್ತಿದ್ದೇನೆ. ಸಿಕ್ಕವರೆಲ್ಲ ನನ್ನ ಹಾಗೇ ಹುಡುಕಿಕೊಂಡು ಹೊರಟವರು.